ನಲವತ್ತಮೂರು ಹಲ್ಲು

ಹೋದ ವರ್ಷದವರೆಗೂ ನಮ್ಮ ಯಜಮಾನರು ತಿಂಗಳಿಗೆ ಒಂದು ಸಲವಾದರೂ ಊಟದ ನಡುವೆ ಕೈ ನಿಲ್ಲಿಸಿ, ಎದುರಿನ ಗೋಡೆ ನೋಡುತ್ತ, ಒಂದು ಪ್ರಶ್ನೆ ಕೇಳುತ್ತಿದ್ದರು. “ನಾನು ಅವನಿಗೆ ಏನು ಹೇಳಿದ್ದೆ?”

“ಊಟ ಮಾಡಿ, ಆರಿ ತಣ್ಣಗಾಗುತ್ತೆ” ಅನ್ನುತ್ತಿದ್ದೆ ನಾನು. ಹತ್ತೊಂಬತ್ತು ವರ್ಷ ಅದೇ ಪ್ರಶ್ನೆ, ಅದೇ ಉತ್ತರ.

ಅವನು ಅಂದರೆ ಇವರ ತಮ್ಮ, ನನ್ನ ಮೈದುನ. ಗುಡ್ಡದ ರಸ್ತೆಯ ಕಾರ್ ಪಂದ್ಯದಲ್ಲಿ ಸತ್ತ. ಹೊರಡುವ ಮುಂಚೆ ಕಿಟಕಿಯಿಂದ ಕೈ ಚಾಚಿ ಇವರ ತೋಳು ತಟ್ಟಿ, “ಆಯ್ತಣ್ಣ, ನೀನು ಹೇಳಿದ ಹಾಗೇ” ಅಂದು ಗಾಜು ಏರಿಸಿದನಂತೆ. ತಾನು ಏನು ಹೇಳಿದ್ದೆ ಅಂತ ಇವರಿಗೆ ನೆನಪಿಲ್ಲ. ನೆನಪಿರುವುದಾದರೂ ಹೇಗೆ? ಇವರು ಏನೂ ಹೇಳಿರಲೇ ಇಲ್ಲ. ಅದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಹೇಳಿದರೆ ಈ ಮನುಷ್ಯ ಮತ್ತೆ ನನ್ನ ಮುಖ ನೋಡುವುದಿಲ್ಲ ಅನ್ನುವ ಹೆದರಿಕೆ. ಹೇಳದಿದ್ದರೆ ಸಾಯುವವರೆಗೂ ಹೀಗೇ ಗೋಡೆ ನೋಡುತ್ತಿರುತ್ತಾರೆ ಅನ್ನುವ ಸಂಕಟ.

ಇರಲಿ, ಮೊದಲು ಇವರ ವಿಷಯ ಹೇಳುತ್ತೇನೆ. ಇಲ್ಲದಿದ್ದರೆ ನನ್ನದೇ ಪುರಾಣವಾಗುತ್ತದೆ.

ಇವರದು ಗಾಡಿಗಳ ಹಿಂದಿನ ಆಕ್ಸಲ್ ಕೆಲಸ. ಎಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ, ಬಣ್ಣ ಡೆಂಟಿಂಗ್ ಅಂದರೆ ಮುಖ ಸಿಂಡರಿಸುತ್ತಾರೆ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಷ್ಟು ದಪ್ಪ ಒಂದು ಕಬ್ಬಿಣದ ಗಡ್ಡೆ ಇರುತ್ತದಲ್ಲ, ಅದರೊಳಗಿನ ಲೋಕವೇ ಇವರ ಲೋಕ. ಅದರಲ್ಲಿ ಪಿನಿಯನ್ ಅನ್ನುವ ಸಣ್ಣ ಗೇರು, ಕ್ರೌನ್ ಅನ್ನುವ ದೊಡ್ಡ ಗೇರು. ಎಂಜಿನ್ನಿಂದ ಬರುವ ಉದ್ದನೆಯ ರಾಡು ಪಿನಿಯನ್ ತಿರುಗಿಸುತ್ತದೆ, ಪಿನಿಯನ್ ಕ್ರೌನನ್ನು ತಿರುಗಿಸುತ್ತದೆ, ಕ್ರೌನ್ ಚಕ್ರಗಳನ್ನು ತಿರುಗಿಸುತ್ತದೆ. ಯಾವುದಕ್ಕೆ ಎಷ್ಟು ಹಲ್ಲು ಅನ್ನುವುದರ ಮೇಲೆ ಗಾಡಿಯ ಸ್ವಭಾವವೇ ನಿಂತಿದೆ. ದಿನವಿಡೀ ಹಲ್ಲು ಎಣಿಸುವವರಾದ್ದರಿಂದ ಇವರಿಗೆ ‘ಹಲ್ಲಿನ ಡಾಕ್ಟರು’ ಅಂತ ಹೆಸರು ಬಿತ್ತು. ಯಾರೋ ಪುಣ್ಯಾತ್ಮ ಶೆಡ್ಡಿನ ಗೋಡೆ ಮೇಲೆ ಹಾಗೇ ಬರೆದೂಬಿಟ್ಟ. ಒಂದು ದಿನ ಕೆನ್ನೆ ಊದಿಸಿಕೊಂಡ ಹೆಂಗಸೊಬ್ಬಳು ಬಂದು ಬೆಂಚಿನ ಮೇಲೆ ಕೂತು ಬಾಯಿ ತೆರೆದಳು. ಇವರು ಕೈಯಲ್ಲಿ ದೊಡ್ಡ ಸ್ಪ್ಯಾನರ್ ಹಿಡಿದುಕೊಂಡು, “ಅಮ್ಮಾ, ನಾನು ಕಬ್ಬಿಣದ ಹಲ್ಲು ಮಾತ್ರ ನೋಡೋದು” ಅಂದರು. ಅವಳು ಸ್ಪ್ಯಾನರ್ ನೋಡಿದ ಮೇಲೆ ಹಲ್ಲುನೋವು ಅಲ್ಲೇ ವಾಸಿಯಾಯಿತು ಅಂತ ಬೀದಿಯೆಲ್ಲ ಮಾತಾಯಿತು.

ಗೇರ್ ಎಣ್ಣೆಗೆ ಕೊಳೆತ ಮೊಟ್ಟೆಯ ವಾಸನೆ. ಮದುವೆಯಾದ ಹೊಸದರಲ್ಲಿ ಮೂಗು ಮುಚ್ಚಿಕೊಂಡು, ಆ ಕಡೆ ತಿರುಗಿ ಮಲಗುತ್ತಿದ್ದೆ. ಆರು ತಿಂಗಳಲ್ಲಿ ಮೂಗು ಸೋತಿತು. ವರ್ಷ ಕಳೆಯುವಷ್ಟರಲ್ಲಿ ನಾನೇ ಶೆಡ್ಡಿಗೆ ಹೋಗಿ ಪಾರ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ, ಬೇರಿಂಗುಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆ. ಶೆಡ್ಡು ಮನೆಗೆ ಅಂಟಿಕೊಂಡೇ ಇದೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ನಾಲ್ಕು ಹೆಜ್ಜೆ. ಈ ಕಸುಬಿನಲ್ಲಿ ನನಗೆ ತಿಳಿದಿರುವುದೆಲ್ಲ ಆ ನಾಲ್ಕು ಹೆಜ್ಜೆಯಲ್ಲಿ ಓಡಾಡಿ ಕಲಿತದ್ದು.

ಇವರ ಕಸುಬಿನ ಗುಟ್ಟು ಹೇಳುತ್ತೇನೆ, ಸುಲಭ. ಪಿನಿಯನ್ನಿಗೆ ಹತ್ತು ಹಲ್ಲು ಅಂತಿಟ್ಟುಕೊಳ್ಳಿ. ಕ್ರೌನಿಗೆ ನಲವತ್ತಮೂರು ಹಲ್ಲಿದ್ದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ರಾಡು ನಾಲ್ಕು ಸುತ್ತು ದಾಟಿ ತಿರುಗಬೇಕು. ಅಂಥ ಗಾಡಿ ನಿಂತಲ್ಲಿಂದ ಚಂಗನೆ ಹಾರುತ್ತದೆ, ಏರಿನಲ್ಲಿ ಎಳೆಯುತ್ತದೆ, ಆದರೆ ನೇರ ರಸ್ತೆಯಲ್ಲಿ ಬೇಗ ಉಸಿರು ಕಟ್ಟುತ್ತದೆ. ಕ್ರೌನಿಗೆ ಮೂವತ್ತೇಳೇ ಹಲ್ಲಿದ್ದರೆ ರಾಡು ಅಷ್ಟು ಸುತ್ತಬೇಕಿಲ್ಲ. ಹೊರಡುವಾಗ ಸ್ವಲ್ಪ ಸೋಮಾರಿ. ಉದ್ದನೆಯ ರಸ್ತೆ ಸಿಕ್ಕಿತೋ, ಹಿಡಿಯುವವರಿಲ್ಲ. ಮೊದಲನೆಯದು ಸಣ್ಣ ಹೆಜ್ಜೆಯ ಓಟ, ಎರಡನೆಯದು ದೊಡ್ಡ ಹೆಜ್ಜೆಯದು. ಜೋರಾಗಿ ಓಡಿಸುವವರು ಬಂದು ಇವರನ್ನು ಕೇಳುವುದು ಇದನ್ನೇ: ಡಾಕ್ಟರೇ, ನನ್ನ ಗಾಡಿಗೆ ಯಾವ ರೇಷಿಯೋ ಹಾಕಲಿ?

ಕೇಳಿದ ಕೂಡಲೇ ಹೇಳುವವರಲ್ಲ ಇವರು. ಮೊದಲು ಪಕ್ಕದ ಸೀಟಿನಲ್ಲಿ ಕೂತು, ಅವನು ಪಂದ್ಯ ಓಡಿಸುವ ರಸ್ತೆಗೇ ಹೋಗಿ ಬರಬೇಕು. ಆಮೇಲೆ ಮೂರು ಪ್ರಶ್ನೆ. ಟೈರ್ ಎಷ್ಟು ಎತ್ತರ? ಎಂಜಿನ್ ಎಲ್ಲಿ ಏದುಸಿರು ಬಿಡುತ್ತೆ? ನಿನಗೆ ಎಲ್ಲಿ ಭಯ ಆಗುತ್ತೆ? ಮೂರನೆಯ ಪ್ರಶ್ನೆಗೆ ಎಲ್ಲರೂ ನಗುತ್ತಿದ್ದರು. ಒಬ್ಬ ಕಪ್ಪು ಕನ್ನಡಕದ ಮಹಾಶಯ, “ನನಗೆ ಎಲ್ಲೂ ಭಯ ಆಗಲ್ಲ” ಅಂದ. “ಹಾಗಾದ್ರೆ ನೀವು ಇನ್ನೂ ಓಡಿಸಿಲ್ಲ. ಓಡಿಸಿ ಬನ್ನಿ, ಆಮೇಲೆ ಮಾತಾಡೋಣ” ಅಂತ ಬಾಗಿಲು ತೋರಿಸಿದರು. ಭಯ ಎಲ್ಲಿ ಅಂತ ಗೊತ್ತಾದರೆ ಅಲ್ಲಿ ಎಂಜಿನ್ ಎಷ್ಟು ಸುತ್ತುತ್ತಿರಬೇಕು ಅಂತ ಗೊತ್ತಾಗುತ್ತದೆ, ಅದರಿಂದ ಹಲ್ಲಿನ ಲೆಕ್ಕ ಸಿಗುತ್ತದೆ ಅನ್ನುವುದು ಇವರ ವಾದ.

ಕೆಲಸ ಮುಗಿಸಿ ಮುಚ್ಚಳ ಹಾಕಿದ ಮೇಲೆ ಹೊರಗಡೆ ಹಳದಿ ಬಣ್ಣದಲ್ಲಿ ಒಳಗಿನ ಹಲ್ಲಿನ ಸಂಖ್ಯೆ ಬರೆಯುತ್ತಿದ್ದರು. 41-10, 43-10, ಹೀಗೆ. ಇವರ ಹಳದಿ ಅಂಕಿ ಇದ್ದರೆ ಬೇರೆ ಮೆಕ್ಯಾನಿಕ್ಕುಗಳು ಬಿಚ್ಚಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ಇನ್ನು ಮೈದುನ. ಇವರಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅತ್ತೆ ಮಾವ ಬೇಗ ಹೋದರು. ಇವರೇ ಸಾಕಿದರು, ನಾನು ಬಂದ ಮೇಲೆ ನಾನೂ ಸಾಕಿದೆ. ವಾರವೆಲ್ಲ ಬ್ರೆಡ್ ಫ್ಯಾಕ್ಟರಿಯ ವ್ಯಾನ್ ಓಡಿಸುತ್ತಿದ್ದ, ರಜೆಯ ದಿನ ತನ್ನ ಕಾರಿನ ಕೆಳಗೆ ಮಲಗಿರುತ್ತಿದ್ದ. ಗುಜರಿಯಿಂದ ತಂದ ಬಾಡಿಗೆ ನಾಲ್ಕು ವರ್ಷ ಹೆಣಗಿ ಜೀವ ಕೊಟ್ಟಿದ್ದ. ಎಲ್ಲರೂ ಅವನನ್ನು ‘ಗಾಳಿ’ ಅಂತ ಕರೆಯುತ್ತಿದ್ದರು. ಅಡುಗೆಮನೆಗೆ ನುಗ್ಗಿದರೆ ಪಾತ್ರೆಗಳ ಮುಚ್ಚಳ ಎತ್ತಿ ನೋಡದೆ ಹೋದವನಲ್ಲ. “ಅತ್ತಿಗೆ, ಇವತ್ತು ಉಪ್ಪು ಹಾಕಿದೀರಾ, ಇಲ್ಲ ಮರೆತಿದೀರಾ?” ಅಂತ ಕೆಣಕುವುದು, ನಾನು ಸೌಟು ಎತ್ತುವುದು, ಅವನು ಓಡುವುದು. ಮಕ್ಕಳಿಲ್ಲದ ನಮಗೆ ಅವನೇ ಮಗ. ಮದುವೆಯಾಯಿತು, ಒಂದು ಹೆಣ್ಣುಮಗುವೂ ಆಯಿತು. ಆದರೂ ಬುದ್ಧಿ ಬಲಿಯಲಿಲ್ಲ ಅಂತ ನಾನು ಬೈಯುತ್ತಿದ್ದೆ. ಅವನಿಗೆ ಅಣ್ಣನ ಮಾತು ಅಂದರೆ ಮುಗಿಯಿತು, ಅದರ ಮುಂದೆ ಎರಡನೆಯ ಮಾತಿಲ್ಲ.

ಗುಡ್ಡದ ಪಂದ್ಯ ವರ್ಷಕ್ಕೊಂದು ಸಲ. ಕೆಳಗೆ ಒಂದೂವರೆ ಕಿಲೋಮೀಟರು ನೇರ ರಸ್ತೆ, ಅದು ಮುಗಿದಲ್ಲಿ ಎಡಕ್ಕೆ ಒಂದು ಕೆಟ್ಟ ತಿರುವು, ಅಲ್ಲಿಂದ ಮೇಲಕ್ಕೆ ಏರು. ಹಿಂದಿನ ವರ್ಷ 43-10 ಹಾಕಿಕೊಂಡು ಓಡಿ ಮೂರನೆಯವನಾಗಿದ್ದ. ನೇರ ರಸ್ತೆಯಲ್ಲಿ ಗಾಡಿಗೆ ಉಸಿರು ಕಟ್ಟಿ ಆರು ಸೆಕೆಂಡು ಹೋಯಿತು ಅಂತ ವರ್ಷವೆಲ್ಲ ಕೊರಗಿದ. “ಈ ಸಲ ಮೂವತ್ತೇಳು-ಹತ್ತು ಹಾಕಣ್ಣ” ಅಂದ. ಇವರು ಎಂದಿನಂತೆ ಪಕ್ಕದಲ್ಲಿ ಕೂತು ಹೋಗಿ ಬಂದರು, ಮೂರು ಪ್ರಶ್ನೆ ಕೇಳಿದರು. “ಭಯ ಆಗೋದು ಆ ಎಡದ ತಿರುವಿನಲ್ಲಿ ಮಾತ್ರ” ಅಂದನಂತೆ. ಇವರು ಲೆಕ್ಕ ಹಾಕಿ, “ಸರಿಯಾಗೇ ಕೇಳಿದಾನೆ, ಮೂವತ್ತೇಳೇ ಸರಿ” ಅಂತ ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡರು.

ಆಗಲೇ ನಾನು ಮೂಗು ತೂರಿಸಿದ್ದು. ನನ್ನ ಓರಗಿತ್ತಿ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. “ಅಕ್ಕ, ಆ ರಸ್ತೇಲಿ ಈಗ ಹೋಗ್ತಿರೋದೇ ಸಾಕು. ಇನ್ನೂ ಜೋರಾಗಿ ಹೋದ್ರೆ ನಾನು, ಮಗು ಏನ್ ಮಾಡೋದು?” ನನಗೂ ಅದೇ ಹೆದರಿಕೆ. ಇವರ ಬೆನ್ನು ಹತ್ತಿದೆ. ಅವನಿಗೆ ಹೇಳಬೇಡಿ, ಹಳೆಯದನ್ನೇ ವಾಪಸ್ ಹಾಕಿ, ಅವನು ನಿಧಾನ ಹೋದರೆ ಯಾರ ಗಂಟೇನು ಹೋಗುತ್ತೆ ಅಂದೆ. ಇವರು ಬೆಂಕಿಯಾದರು. “ಕೇಳಿದ್ದೊಂದು, ಹಾಕೋದೊಂದು ಮಾಡಿದ್ರೆ ಈ ಕಸುಬು ಯಾಕೆ ಮಾಡ್ಬೇಕು? ಹೋಗಿ ಮೂಲಂಗಿ ಮಾರ್ತೀನಿ” ಅಂದರು. ನಾನು ಬಿಡಲಿಲ್ಲ. ಮೂರು ದಿನ ತಲೆ ತಿಂದೆ. ಊಟಕ್ಕೆ ಬಡಿಸುವಾಗ, ಬಟ್ಟೆ ಮಡಿಸುವಾಗ, ಬೇರಿಂಗ್ ತೊಳೆಯುವಾಗ, ಅದೇ ಜಪ. ಕೊನೆಗೆ, “ನಾಳೆ ಏನಾದ್ರೂ ಆದ್ರೆ ಆ ಮಗುವಿನ ಮುಖ ನೀವು ನೋಡ್ತೀರಾ?” ಅಂದೆ. ಅದು ತಾಗಿತು.

ನಾಲ್ಕನೆಯ ದಿನ ಇವರು ಆಕ್ಸಲ್ ಬಿಚ್ಚಿದರು, ನಲವತ್ತಮೂರು ಹಲ್ಲಿನ ಅದೇ ಕ್ರೌನನ್ನು ತೊಳೆದು ವಾಪಸ್ ಕೂಡಿಸಿದರು, ಹೊಸ ಎಣ್ಣೆ ತುಂಬಿದರು. ಹಳದಿ ಬಣ್ಣದ ಡಬ್ಬಿ ತೆಗೆದುಕೊಂಡು ತುಂಬ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದರು. ಆಮೇಲೆ ಬರೆದರು: 37-10. ಜೀವನದಲ್ಲಿ ಬರೆದ ಒಂದೇ ಒಂದು ಸುಳ್ಳು.

ಪಂದ್ಯದ ದಿನ ಬೆಳಿಗ್ಗೆ ಎಂಟು ಗಂಟೆಗೆ ಮೈದುನ ಹಿಂಬಾಗಿಲಿನಿಂದ ಬಂದ. ಬೆರಳಿಗೆಲ್ಲ ಸೀಮೆಸುಣ್ಣದ ಪುಡಿ. ಪಾತ್ರೆಯ ಮುಚ್ಚಳ ಎತ್ತಲಿಲ್ಲ.

“ಅತ್ತಿಗೆ, ಅಣ್ಣ ನನಗೆ ಸುಳ್ಳು ಹೇಳಿದಾನೆ” ಅಂದ. ನಗುತ್ತಲೇ ಅಂದ. “ನಿನ್ನೆ ಗಾಡಿ ತಗೊಂಡು ಹೋಗುವಾಗಲೇ ಅನುಮಾನ ಬಂತು. ಈಗ ಅಂಗಳದಲ್ಲಿ ಒಂದು ಚಕ್ರ ಎತ್ತಿ, ಗುರುತು ಹಾಕಿ, ಎಣಿಸಿದೆ. ಒಳಗಿರೋದು ಹಳೇದೇ.”

ಒಂದು ಚಕ್ರ ನೆಲದ ಮೇಲಿದ್ದರೆ ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ ರಾಡಿನ ಸುತ್ತು ಎಣಿಸಬೇಕು. ನಾಲ್ಕು ದಾಟಿದರೆ ಒಳಗೆ ನಲವತ್ತಮೂರು, ನಾಲ್ಕು ಮುಟ್ಟದಿದ್ದರೆ ಮೂವತ್ತೇಳು. ಅಣ್ಣನೇ ಕಲಿಸಿದ ವಿದ್ಯೆ ಅದು.

ನಾನು ಕಳ್ಳಿಯ ಹಾಗೆ ನಿಂತಿದ್ದೆ. ಅವನು ದನಿ ತಗ್ಗಿಸಿದ. “ನಾನೇ ಕೇಳಿದ್ರೆ ಅಣ್ಣ ನಾಚ್ಕೊಂಡು ಸತ್ತು ಹೋಗ್ತಾನೆ. ನೀವೇ ಒಂದು ಮಾತು ಹೇಳಿ ಅತ್ತಿಗೆ. ಎರಡು ಗಂಟೆ ಕೆಲಸ. ಪಂದ್ಯ ನಾಲ್ಕಕ್ಕೆ, ಬೇಕಾದಷ್ಟು ಟೈಮಿದೆ.”

“ಹೇಳ್ತೀನಿ ಇರು” ಅಂದೆ.

ನಾಲ್ಕು ಹೆಜ್ಜೆ ನಡೆದೆ. ಇವರು ಶೆಡ್ಡಿನಲ್ಲಿ ನನಗೆ ಬೆನ್ನು ಮಾಡಿ ಕೈ ತೊಳೆಯುತ್ತಿದ್ದರು. “ಏನು?” ಅಂದರು. ಹೇಳಬೇಕು ಅಂತಲೇ ಬಾಯಿ ತೆರೆದೆ, ದೇವರಾಣೆ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇನ್ನು ಎಂಟು ಗಂಟೆ ಸುಮ್ಮನಿದ್ದರೆ ಸಾಕು, ಅವನು ನಿಧಾನವಾಗಿ ಹೋಗಿ, ಸೋತು, ಕ್ಷೇಮವಾಗಿ ಮನೆಗೆ ಬರುತ್ತಾನೆ.

“ಏನಿಲ್ಲ, ಕಾಫಿ ಇಡ್ಲಾ ಅಂತ” ಅಂದೆ.

“ಇಡು” ಅಂದರು.

ವಾಪಸ್ ಬಂದು ಅವನ ಮುಖ ನೋಡಿಕೊಂಡೇ ಹೇಳಿದೆ. “ಕೇಳಿದೆ ಕಣೋ. ಈ ಸಲಕ್ಕೆ ಇದೇ ಇರ್ಲಿ, ನನ್ನ ಮಾತು ಕೇಳು ಅಂದ್ರು.”

ಅವನು ಒಂದು ನಿಮಿಷ ಸೀಮೆಸುಣ್ಣದ ಬೆರಳು ಉಜ್ಜಿಕೊಂಡ. “ಹೌದಾ? ಅಣ್ಣ ಹೇಳಿದ್ಮೇಲೆ ಮುಗೀತು ಬಿಡಿ” ಅಂದ. ಕಾಫಿ ಕುಡಿದು ಹೋದ.

ಸಂಜೆ ನಾಲ್ಕೂಕಾಲಿಗೆ ಸತ್ತ.

ಹೇಗೆ ಸತ್ತ ಅನ್ನುವುದನ್ನು ತಿರುವಿನಲ್ಲಿ ಬಾವುಟ ಹಿಡಿದು ನಿಂತಿದ್ದವನು ಇವರಿಗೆ ಹೇಳಿದ. ನೇರ ರಸ್ತೆಯ ಕೊನೆಯಲ್ಲಿ ಎಲ್ಲರ ಕಾರಿಗೂ ಬ್ರೇಕ್ ದೀಪ ಹತ್ತುತ್ತದೆ. ಇವನ ಕಾರಿಗೆ ಹತ್ತಲೇ ಇಲ್ಲ. ಸಣ್ಣ ಹೆಜ್ಜೆಯ ಗೇರಿನಲ್ಲಿ ನೇರ ರಸ್ತೆಯಲ್ಲಿ ಆರು ಸೆಕೆಂಡು ಹೋಗುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತಲ್ಲ. ಅದನ್ನು ತಿರುವಿನಲ್ಲಿ ಗಿಟ್ಟಿಸಿಕೊಳ್ಳೋಣ ಅಂತ ಕಾಲು ಎತ್ತದೆ ಹೋದ. ತನಗೆ ಭಯ ಅಂತ ಹೇಳಿದ್ದ ಜಾಗ ಅದೊಂದೇ. ಅಲ್ಲಿಯೇ ಹೋದ. ನಿಧಾನ ಮಾಡಿ ಉಳಿಸೋಣ ಅಂತ ನಾವಿಬ್ಬರೂ ಸೇರಿ ಮಾಡಿದ ಕೆಲಸ ಇದು.

ವಿಚಾರಣೆಗೆ ಬಂದವರು ಹಳದಿ ಅಂಕಿ ನೋಡಿ 37-10 ಅಂತಲೇ ಬರೆದುಕೊಂಡು ಹೋದರು. ಇವರು ನಜ್ಜುಗುಜ್ಜಾದ ಕಾರಿನಿಂದ ಆ ಆಕ್ಸಲ್ ಬಿಚ್ಚಿ ತಂದು ಶೆಡ್ಡಿನ ಮೂಲೆಯಲ್ಲಿಟ್ಟರು. ಒಂದು ಗೋಣಿಚೀಲ ಹೊದಿಸಿದರು. ಆಮೇಲೆ ಯಾರ ಪಂದ್ಯದ ಕಾರಿಗೂ ಕೈ ಹಾಕಲಿಲ್ಲ. ವ್ಯಾನು, ಟೆಂಪೋ, ಲಾರಿ, ಅಷ್ಟೇ. ಹಳದಿ ಬಣ್ಣದ ಡಬ್ಬಿ ಒಣಗಿ ಕಲ್ಲಾಯಿತು.

ಶೆಡ್ಡಿನಲ್ಲಿ ಗಾಳಿ ಓಡಾಡುತ್ತಾನೆ ಅಂತ ಬೀದಿಯವರು ಗುಸುಗುಸು ಶುರುಮಾಡಿದರು. ಎದುರುಮನೆಯಾಕೆ ಬಂದು, “ಏನಾದ್ರೂ ಕಾಣಿಸುತ್ತಾ?” ಅಂದಳು. “ನೀನು ಕಾಣಿಸ್ತಿದೀಯಲ್ಲ, ಸಾಲದಾ?” ಅಂದೆ. ಹಾಗೆ ಬೈದು ಕಳಿಸಿದವಳು ನಾನೇ. ಆದರೆ ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಎಂಟರ ಹೊತ್ತಿಗೆ, ಒಲೆಯ ಮೇಲೆ ಹಾಲು ಇಟ್ಟು ನಿಂತಿರುವಾಗ, ಅಂಗಳದಲ್ಲಿ ಯಾರೋ ಚಕ್ರ ತಿರುಗಿಸುತ್ತ ಎಣಿಸುವುದು ನನಗೆ ಕೇಳಿಸುತ್ತಿತ್ತು. ಮೆತ್ತಗಿನ ದನಿ. ಒಂದು... ಎರಡು... ಮೂರು... ನಾಲ್ಕರವರೆಗೆ ಬಂದು, ಇನ್ನೂ ಸ್ವಲ್ಪ ತಿರುಗಿ, ನಿಲ್ಲುತ್ತಿತ್ತು. ಮೊದಮೊದಲು ಓಡಿಹೋಗಿ ನೋಡುತ್ತಿದ್ದೆ. ಅಂಗಳದಲ್ಲಿ ಬಕೆಟ್ಟು, ಪೊರಕೆ, ಬಿಸಿಲು. ಆಮೇಲೆ ನೋಡುವುದನ್ನು ಬಿಟ್ಟೆ. ನನಗೆ ಆದದ್ದು ಹೆದರಿಕೆಯಲ್ಲ, ನಾಚಿಕೆ. ದೆವ್ವವಾದರೂ ಬಂದು ಕೆನ್ನೆಗೆ ಬಾರಿಸಬಾರದಾ? ಸುಮ್ಮನೆ ಎಣಿಸುತ್ತದೆ, ಹೋಗುತ್ತದೆ.

ಇವರದು ಬೇರೆ ಥರ. ರಸ್ತೆಯಲ್ಲಿ ಯಾವ ಗಾಡಿ ಹೋದರೂ ಕಿವಿ ನಿಮಿರಿಸುತ್ತಿದ್ದರು. ಆ ಗೊಂಯ್ ಅನ್ನುವ ಶಬ್ದದಿಂದಲೇ ಇವರಿಗೆ ಹಲ್ಲಿನ ಲೆಕ್ಕ ಸಿಗುತ್ತದೆ. “ನಲವತ್ತೊಂದು... ಮೂವತ್ತೊಂಬತ್ತು...” ಅಂತ ಗೊಣಗಿಕೊಳ್ಳುವರು. ಒಮ್ಮೊಮ್ಮೆ ಗೊಣಗದೆ, ಮಾಡುತ್ತಿದ್ದ ಕೆಲಸ ಬಿಟ್ಟು, ಗೇಟಿನವರೆಗೆ ಹೋಗಿ ನಿಲ್ಲುವರು. ರಸ್ತೆ ಖಾಲಿ ಇರುತ್ತಿತ್ತು. ಯಾವ ಗಾಡಿಯೂ ಹೋಗಿರುತ್ತಿರಲಿಲ್ಲ. ಒಳಗೆ ಬಂದು ಊಟಕ್ಕೆ ಕೂತರೆ ಆ ಪ್ರಶ್ನೆ. “ನಾನು ಏನೋ ಹೇಳಿದೀನಿ ಕಣೇ. ಏನು ಹೇಳಿದ್ದೆ?” ತಾನು ಆಡಿದ ಯಾವುದೋ ಮಾತೇ ತಮ್ಮನನ್ನು ಕೊಂದಿತು, ಆ ಮಾತನ್ನೂ ಮರೆತು ಕೂತ ಪಾಪಿ ತಾನು ಅನ್ನುವುದು ಇವರ ತಲೆಗೆ ಹೊಕ್ಕಿತ್ತು. ಎಷ್ಟೋ ಸಲ ಉತ್ತರ ನನ್ನ ನಾಲಿಗೆ ತುದಿಯವರೆಗೂ ಬಂತು. ಸಾರು ಬಡಿಸಿದೆ.

ಹೋದ ವರ್ಷ ಒಂದು ಮಧ್ಯಾಹ್ನ ಗೇಟಿನ ಮುಂದೆ ಒಂದು ನೀಲಿ ಕಾರು ಬಂದು ನಿಂತಿತು. ಇಳಿದವಳು ಮೈದುನನ ಮಗಳು. ಅಪ್ಪ ಹೋದಾಗ ನಾಲ್ಕು ವರ್ಷದವಳು. ಆಮೇಲೆ ಓರಗಿತ್ತಿ ಅವಳನ್ನು ಕರೆದುಕೊಂಡು ತವರಿಗೆ ಹೋದವಳು ಅಲ್ಲೇ ಉಳಿದಳು. ವರ್ಷಕ್ಕೊಂದು ಸಲ ಬಂದು ಹೋಗುತ್ತಿದ್ದರು. ಈಗ ಎಂಜಿನ್ ಪರೀಕ್ಷೆ ಮಾಡುವ ಕಂಪನಿಯಲ್ಲಿ ಅವಳಿಗೆ ಕೆಲಸ. ನಡೆಯುವ ರೀತಿ ಥೇಟ್ ಅಪ್ಪನದೇ, ನೆಲ ಸುಡುತ್ತಿದೆಯೇನೋ ಅನ್ನುವ ಹಾಗೆ.

“ದೊಡ್ಡಪ್ಪಾ, ಗುಡ್ಡದ ಪಂದ್ಯಕ್ಕೆ ಹೆಸರು ಕೊಟ್ಟಿದೀನಿ. ಅಮ್ಮ ಒಂದು ತಿಂಗಳಿಂದ ಮಾತು ಬಿಟ್ಟಿದಾಳೆ. ನೀವೂ ಬೈದುಬಿಡಿ, ಒಟ್ಟಿಗೇ ಮುಗೀಲಿ” ಅಂದಳು. ಆಮೇಲೆ ಒಂದು ಹಾಳೆ ತೆಗೆದಳು, ಅದರ ತುಂಬ ಲೆಕ್ಕ. “ನನ್ನ ಲೆಕ್ಕಕ್ಕೆ ಮೂವತ್ತೊಂಬತ್ತು-ಹತ್ತು ಬರುತ್ತೆ. ಸರಿನಾ ಅಂತ ನೀವೇ ಹೇಳ್ಬೇಕು. ಹಿಂದಿನ ಆಕ್ಸಲ್ ವಿಷಯದಲ್ಲಿ ಅಪ್ಪ ನಿಮ್ಮನ್ನ ಬಿಟ್ಟು ಬೇರೆ ಯಾರನ್ನೂ ನಂಬ್ತಿರ್ಲಿಲ್ಲ ಅಂತ ಎಲ್ಲರೂ ಹೇಳ್ತಾರೆ.”

ಇವರು ಹಾಳೆ ಇಸಿದುಕೊಂಡರು. ಓದುತ್ತಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಕೊನೆಗೆ, “ನಡಿ, ರಸ್ತೆ ನೋಡ್ಕೊಂಡು ಬರೋಣ” ಅಂದರು. ಹತ್ತೊಂಬತ್ತು ವರ್ಷದ ಮೇಲೆ ಆ ರಸ್ತೆಗೆ. ಹೋದವರು ಬರುವವರೆಗೆ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬಂದಾಗ ಇವರ ಮುಖ ಬೂದಿ ಬಳಿದ ಹಾಗಿತ್ತು, ಆದರೆ ಮೂರು ಪ್ರಶ್ನೆಯನ್ನೂ ಕೇಳಿದ್ದರಂತೆ. ಹುಡುಗಿ ಮುಖ ತೊಳೆಯಲು ಹೋದಳು.

ನಾನು ಇವರ ಹಿಂದೆಯೇ ಶೆಡ್ಡಿಗೆ ಹೋದೆ. ನನ್ನ ಬಾಯಿಂದ ಬಂದ ಮಾತು ಏನು ಗೊತ್ತಾ? ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. “ರೀ, ಅವಳಿಗೆ ಹೇಳ್ಬೇಡಿ. ನಿಧಾನದ್ದೇ ಹಾಕಿಬಿಡಿ” ಅಂದೆ. ಇಷ್ಟೆಲ್ಲ ಆದ ಮೇಲೂ! ಹೆದರಿಕೆ ಅನ್ನುವುದು ಬುದ್ಧಿ ಕಲಿಯುವುದೇ ಇಲ್ಲ.

ಇವರು ತಿರುಗಿ ನೋಡಿದರು. “ಒಂದು ಸಲ ನಿನ್ನ ಮಾತು ಕೇಳಿದೀನಿ” ಅಂದರು. ಅಷ್ಟೇ. ಅದು ನಮ್ಮಿಬ್ಬರ ನಡುವೆ ಇವರು ಆಡಿದ ಮೊದಲ ಆಪಾದನೆ. ಅಷ್ಟು ವರ್ಷ ಒಂದು ಸಲವೂ “ನೀನೇ ಹೇಳಿದ್ದು” ಅಂದವರಲ್ಲ.

ಹುಡುಗಿ ಬಂದಳು. ಇವರು ಮೂಲೆಯ ಗೋಣಿಚೀಲ ಎಳೆದು ಹಾಕಿದರು. ಹಳದಿ ಅಂಕಿ ಮಾಸಿದ್ದರೂ ಓದುವ ಹಾಗಿತ್ತು. ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಮುಚ್ಚಳ ಬಂದಾಗ ಕಪ್ಪು ಎಣ್ಣೆ ನೆಲಕ್ಕೆ ಇಳಿಯಿತು, ಆ ಹಳೆಯ ವಾಸನೆ ಶೆಡ್ಡು ತುಂಬಿತು.

“ಇದು ನಿಮ್ಮಪ್ಪನ ಗಾಡೀದು. ಹೊರಗೆ ಏನು ಬರೆದಿದೆ?”

“ಮೂವತ್ತೇಳು-ಹತ್ತು.”

“ಒಳಗೆ ಎಣಿಸು.”

ಅವಳು ಮಂಡಿಯೂರಿ, ಒಂದು ಹಲ್ಲಿಗೆ ಉಗುರಿನಿಂದ ಗುರುತು ಗೀರಿ, ಕ್ರೌನ್ ತಿರುಗಿಸುತ್ತ ಎಣಿಸಿದಳು. ಮೆತ್ತಗಿನ ದನಿ. ಬೆಳಿಗ್ಗೆ ಎಂಟು ಗಂಟೆಗೆ ನಾನು ಕೇಳುತ್ತಿದ್ದ ದನಿ ಅದೇ, ಆದರೆ ಇದು ಕಣ್ಣೆದುರಿಗೇ ಕೂತಿತ್ತು, ಅದಕ್ಕೊಂದು ಜಡೆಯಿತ್ತು. ನಲವತ್ತಮೂರಕ್ಕೆ ನಿಂತಿತು. ಅವಳು ಇನ್ನೊಂದು ಸಲ ಎಣಿಸಿದಳು.

“ಅವನು ಕೇಳಿದ್ದು ಹೊರಗಿರೋದು, ನಾನು ಹಾಕಿದ್ದು ಒಳಗಿರೋದು” ಅಂದರು ಇವರು. “ನಿಧಾನ ಹೋಗ್ಲಿ ಅಂತ ಮಾಡಿದೆ. ಅವನಿಗೆ ಹೇಳ್ಲಿಲ್ಲ. ನಿಮ್ಮಪ್ಪ ಸತ್ತಿದ್ದು ನನ್ನ ಸುಳ್ಳಿನಿಂದ, ಮಗಳೇ. ನಾನೇ ಮಾಡಿದ್ದು, ನಾನೊಬ್ಬನೇ.”

ನಾನೊಬ್ಬನೇ! ಮೂರು ದಿನ ತಲೆ ತಿಂದ ನಾನು ಬಾಗಿಲಲ್ಲೇ ನಿಂತಿದ್ದೇನೆ, ನನ್ನ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

ಹುಡುಗಿ ಎಣ್ಣೆಯ ಕೈ ನೋಡಿಕೊಳ್ಳುತ್ತ ಕೇಳಿದಳು. “ಅಪ್ಪನಿಗೆ ಗೊತ್ತಾಗ್ಲಿಲ್ವಾ? ಅಪ್ಪನಿಗೆ ಗೊತ್ತಾಗದೇ ಇರುತ್ತಾ ದೊಡ್ಡಪ್ಪ?”

“ಅದೇ ನನಗೆ ತಿಳೀತಿಲ್ಲ. ಹೊರಡೋ ಮುಂಚೆ, ‘ನೀನು ಹೇಳಿದ ಹಾಗೇ’ ಅಂದ. ನಾನು ಏನು ಹೇಳಿದ್ದೆ? ಒಂದು ಮಾತೂ ನೆನಪಿಗೆ ಬರ್ತಿಲ್ಲ. ಇದೇ ತಲೇಲಿ ಇಟ್ಕೊಂಡು ಸಾಯ್ತೀನಿ ಅನ್ಸುತ್ತೆ.” ಅರವತ್ತು ದಾಟಿದ ಗಂಡಸು, ಮಗುವಿನ ಹಾಗೆ ಅತ್ತುಬಿಟ್ಟರು.

ತಡೆಯಲಾಗಲಿಲ್ಲ. ತಡೆದದ್ದು ಸಾಕಾಗಿತ್ತು.

“ನೀವು ಏನೂ ಹೇಳಿರ್ಲಿಲ್ಲ. ಹೇಳಿದ್ದು ನಾನು.”

ಇಬ್ಬರೂ ತಿರುಗಿದರು. ಎಲ್ಲ ಹೇಳಿದೆ. ತಲೆ ತಿಂದದ್ದು, ಸೀಮೆಸುಣ್ಣದ ಬೆರಳು, ಅವನು ಕೇಳಿಕೊಂಡದ್ದು, ಕಾಫಿ, ಇವರ ಹೆಸರಿನಲ್ಲಿ ನಾನು ಕಟ್ಟಿದ ಮಾತು. ಎಲ್ಲೂ ನನ್ನನ್ನು ಉಳಿಸಿಕೊಳ್ಳಲಿಲ್ಲ. ಹೇಳುವಾಗ ಹುಡುಗಿಯ ಕಡೆ ನೋಡಿದೆ, ಇವರ ಕಡೆ ನೋಡುವ ಧೈರ್ಯ ಬರಲಿಲ್ಲ.

ಇವರು ಚಿಂದಿಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು.

“ಎಂಟು ಗಂಟೆಗೆ ಬಂದಿದ್ನಾ?”

“ಹೂಂ.”

“ಪಂದ್ಯ ನಾಲ್ಕಕ್ಕೆ.”

“ಹೂಂ.”

“ಎರಡು ಗಂಟೆ ಕೆಲಸ” ಅಂದರು. ಆಮೇಲೆ, “ನಾನು ಬೇಡ ಅಂದೆ ಅಂತ ತಿಳ್ಕೊಂಡೇ ಹೋದ ಹಾಗಾದ್ರೆ” ಅಂದರು. ಅವನು ತನ್ನನ್ನು ಶಪಿಸುತ್ತ ಸತ್ತನೇನೋ ಅಂತ ಇಷ್ಟು ವರ್ಷ ಹೆದರಿದ್ದರು. ಅವನು ತನ್ನ ಮಾತು ನಡೆಸಿಕೊಡಲು ಹೋಗಿ ಸತ್ತ ಅಂತ ಈಗ ಗೊತ್ತಾಯಿತು. ಯಾವುದು ಹಗುರ ಅಂತ ನನ್ನನ್ನು ಕೇಳಬೇಡಿ. ಅಂದು ಇವರು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡಿ ಅಳುತ್ತಿದ್ದೆ.

ಮಾರನೆಯ ದಿನದಿಂದ ಇಬ್ಬರೂ ಸೇರಿ ನೀಲಿ ಕಾರಿನ ಕೆಲಸ ಹಿಡಿದರು. ಹುಡುಗಿಯ ಲೆಕ್ಕ ಸರಿಯಾಗಿಯೇ ಇತ್ತು, ಮೂವತ್ತೊಂಬತ್ತು-ಹತ್ತೇ ಹಾಕಿದರು. ನಾನು ಬೇರಿಂಗ್ ತೊಳೆದು ಬಾಗಿಲ ಹತ್ತಿರ ಇಟ್ಟರೆ ಎತ್ತಿಕೊಳ್ಳುತ್ತಿದ್ದರು, ಮಾತಿಲ್ಲ. ಮುಚ್ಚಳ ಹಾಕುವ ಮುಂಚೆ ಅವಳ ಕೈಯಲ್ಲೇ ಹಲ್ಲು ಎಣಿಸಿದರು. ಮುಚ್ಚಳ ಹಾಕಿದ ಮೇಲೆ ಚಕ್ರ ಎತ್ತಿ, ರಾಡಿನ ಸುತ್ತನ್ನೂ ಎಣಿಸಿದರು.

ಮೂರನೆಯ ಸಂಜೆ ಅವಳು ಹೊರಟಳು. ನಾನು ಗೇಟಿನ ಹತ್ತಿರ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಇವರು ಕಿಟಕಿಗೆ ಬಗ್ಗಿ ಅವಳಿಗೆ ಹೇಳಿದರು. ನನಗೆ ಕೇಳಲಿ ಅಂತಲೂ ಅಲ್ಲ, ಕೇಳಬಾರದು ಅಂತಲೂ ಅಲ್ಲ. ಕೋಪ ಕೂಡ ಇರಲಿಲ್ಲ ದನಿಯಲ್ಲಿ. ಟೈರಿಗೆ ಎಷ್ಟು ಗಾಳಿ ಹಾಕಬೇಕು ಅಂತ ಹೇಳುವ ಹಾಗೆ ಹೇಳಿದರು.

“ಏನಾದ್ರೂ ಸರಿ ಇಲ್ಲ ಅನ್ಸಿದ್ರೆ ವಾಪಸ್ ಬಾ. ಪಂದ್ಯದ ದಿನ ಬೆಳಿಗ್ಗೆ ಆದ್ರೂ ಬಾ. ನೇರ ಶೆಡ್ಡಿಗೆ ಬಂದು ನನ್ನ ಹತ್ರಾನೇ ಹೇಳು. ದೊಡ್ಡಮ್ಮನ ಹತ್ರ ಹೇಳಿ ಕಳಿಸ್ಬೇಡ.”

ಹುಡುಗಿ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ, “ಹೂಂ ದೊಡ್ಡಪ್ಪ” ಅಂದಳು.